ಆಟಿಯ ತೇವಕ್ಕೆ ಹಿಯರಿಂಗ್ ಏಡ್ ಕಿಟ್: ಡಬ್ಬಿಗೆ ಪೂರ್ತಿ ಅಂಕ, ಬುರುಡೆಗೆ ಅರ್ಧ

ಕಾಸರಗೋಡಿನ ಕಡೆ ಹಿಯರಿಂಗ್ ಏಡ್‌ಗೆ ಶತ್ರುಗಳು ಇಬ್ಬರು: ಕಿವಿಯ ಗುಗ್ಗೆ, ಆಟಿಯ (ಜುಲೈ-ಆಗಸ್ಟ್‌ನ ಮಳೆ ತಿಂಗಳ) ತೇವ. ಆನ್‌ಲೈನ್‌ನಲ್ಲಿ ಸಿಗುವ, ಕಂಪನಿ ಹೆಸರಿಲ್ಲದ ಈ ಕಿಟ್‌ನಲ್ಲಿ ಆರು ಸಾಮಾನು ಇವೆ: ಬ್ರಷ್, ತಂತಿ ಕುಣಿಕೆ, ನೈಲಾನ್ ಎಳೆ, ಗಾಳಿ ಊದುವ ರಬ್ಬರ್ ಬುರುಡೆ, ಬ್ಯಾಟರಿ ಎತ್ತುವ ಆಯಸ್ಕಾಂತ, ತೇವ ಹೀರುವ ಸಿಲಿಕಾ ಹರಳಿನ ಡಬ್ಬಿ.

ಬ್ರಷ್ ಮೆತ್ತಗಿದೆ, ಕೂದಲು ಉದುರುವುದಿಲ್ಲ. ಉಜ್ಜುವುದು ಬೆಳಿಗ್ಗೆ, ರಾತ್ರಿಯಿಡೀ ಒಣಗಿದ ಗುಗ್ಗೆ ಪುಡಿಯಾಗಿ ಉದುರುತ್ತದೆ. ಶಬ್ದ ಬರುವ ಬಾಯಿ ಕೆಳಮುಖವಾಗಿರಲಿ, ಇಲ್ಲವಾದರೆ ಪುಡಿ ಒಳಗೇ ಹೋಗುತ್ತದೆ. ಸ್ಪಿರಿಟ್, ಸ್ಯಾನಿಟೈಸರ್ ಬೇಡ. ಕುಣಿಕೆ ಕಿವಿಯೊಳಗೆ ಕೂರುವ ಅಚ್ಚಿನ ತೂತಿಗೆ, ನೈಲಾನ್ ಎಳೆ ಗಾಳಿ ಆಡುವ ಸಣ್ಣ ತೂತಿಗೆ. ಎರಡೂ ಕಿವಿಗಲ್ಲ! ಪೊಟ್ಟಣದ ಚಿತ್ರ ನೋಡಿದರೆ ಕಿವಿಗೇ ಹಾಕಬೇಕೇನೋ ಅನಿಸುತ್ತದೆ, ಅದು ದೊಡ್ಡ ತಪ್ಪು.

ಬುರುಡೆಗೆ ಅರ್ಧ ಅಂಕ. ಕಿವಿಯ ಹಿಂದೆ ಕೂರುವ ಯಂತ್ರದ ಅಚ್ಚನ್ನು ನಳಿಕೆ ಸಮೇತ ಬಿಡಿಸಿ, ಸೋಪು ಹಾಕಿದ ಉಗುರು ಬೆಚ್ಚಗಿನ ನೀರಲ್ಲಿ ತೊಳೆದ ಮೇಲೆ ನಳಿಕೆಯ ಹನಿ ಊದಿ ತೆಗೆಯಲು ಅದು ಬೇಕು. ಆದರೆ ಸಪೂರ ತಂತಿಯ ತುದಿಯಲ್ಲೇ ಸ್ಪೀಕರ್ ಇರುವ ಯಂತ್ರಕ್ಕೆ ಊದಬೇಡಿ, ತೇವ ಸ್ಪೀಕರಿಗೆ ನುಗ್ಗುತ್ತದೆ. ಆ ಎಚ್ಚರಿಕೆ ಚೀಟಿಯಲ್ಲಿಲ್ಲ.

ಗುಗ್ಗೆ ಒಳಗೆ ಹೋಗದಂತೆ ಶಬ್ದ ಬರುವ ಬಾಯಿಗೆ ಕೂರಿಸುವ ಸಣ್ಣ ಜಾಲರಿ, ಅಂದರೆ ವ್ಯಾಕ್ಸ್ ಗಾರ್ಡೂ ಕಿಟ್‌ನಲ್ಲಿಲ್ಲ. ಅದು ನಿಮ್ಮ ಯಂತ್ರದ ಕಂಪನಿಯದ್ದೇ, ಸರಿಯಾದ ಅಳತೆಯದ್ದೇ ಬೇಕು. ಅದರ ಜೊತೆ ಬರುವ ಕಡ್ಡಿಯ ಖಾಲಿ ತುದಿಯನ್ನು ಹಳೆಯ ಜಾಲರಿಗೆ ಒತ್ತಿ ನೇರವಾಗಿ ಎಳೆಯಿರಿ. ಕಡ್ಡಿ ತಿರುಗಿಸಿ ಹೊಸದನ್ನು ಒತ್ತಿ. ಶಬ್ದ ಕುಗ್ಗಿತು, ಹೊಸ ಬ್ಯಾಟರಿಗೂ ಏರಲಿಲ್ಲ ಎಂದರೆ ಮೊದಲ ಸಂಶಯ ಈ ಜಾಲರಿಯ ಮೇಲೆ. ಕಿವಿಗೆ ತೆಂಗಿನೆಣ್ಣೆ ಬಿಡುವ ನಮ್ಮವರಲ್ಲಿ ಇದು ಬೇಗ ಕಟ್ಟುತ್ತದೆ. ಜಾಲರಿ ಬದಲಿಸಿದ ಮೇಲೂ ಯಂತ್ರ ಸಿಳ್ಳೆ ಹಾಕುತ್ತಿದ್ದರೆ ಗುಗ್ಗೆ ಕಿವಿಯೊಳಗೇ ಗಟ್ಟಿಯಾಗಿ ಶಬ್ದವನ್ನು ಹಿಂದಕ್ಕೆ ತಳ್ಳುತ್ತಿರಬಹುದು. ಬಡ್ಸ್ ಹಾಕಿದರೆ ಅದು ಇನ್ನೂ ಒಳಗೆ ಹೋಗುತ್ತದೆ. ಕಿವಿ ಡಾಕ್ಟರರಲ್ಲಿ ತೋರಿಸಿ, ಅವರು ಹೇಳಿದ ಮೇಲೆಯೇ ಹನಿ ಮದ್ದು. ಕಿವಿಯ ತಮಟೆ ತೂತಾದವರಿಗೆ, ಕೀವು ಸೋರುವವರಿಗೆ ಹನಿ ಕೂಡದು. ಹನಿ ಹಾಕಿದ ಕಿವಿ ಒಣಗುವ ಮೊದಲು ಯಂತ್ರ ಇಡಬೇಡಿ.

ದುಡ್ಡು ಕೊಟ್ಟದ್ದಕ್ಕೆ ನ್ಯಾಯ ಒದಗಿಸುವುದು ಡಬ್ಬಿ. ರಾತ್ರಿ ಬ್ಯಾಟರಿ ತೆಗೆದು, ಬಾಗಿಲು ತೆರೆದು ಯಂತ್ರವನ್ನಷ್ಟೇ ಇಡಿ; ಕಂದು ಚೀಟಿಯ 312 ಇರಲಿ, ಕಿತ್ತಳೆ ಚೀಟಿಯ 13 ಇರಲಿ, ಜಿಂಕ್ ಏರ್ ಬ್ಯಾಟರಿ ಒಳಗಿದ್ದರೆ ಅದೂ ಒಣಗಿ ಬೇಗ ಸಾಯುತ್ತದೆ. ಕಿತ್ತಳೆ ಹರಳು ಹಸಿರಾದರೆ ನೀರು ಕುಡಿದು ಹೊಟ್ಟೆ ತುಂಬಿತು ಎಂದರ್ಥ. ಅಡುಗೆಗೆ ಬಳಸದ ಹಳೆ ತವದಲ್ಲಿ, ಸಣ್ಣ ಉರಿಯಲ್ಲಿ, ಬಣ್ಣ ಮರಳುವವರೆಗೆ ಬಿಸಿ ಮಾಡಿ. ಉರಿ ಜೋರಾದರೆ ಹರಳು ಕೆಡುತ್ತದೆ.

ಕೊಳ್ಳುವಾಗ ಮುಚ್ಚಳಕ್ಕೆ ರಬ್ಬರ್ ಉಂಗುರ ಇದೆಯೇ ನೋಡಿ. ಸಂಶಯವಿದ್ದರೆ ಯಂತ್ರ ಇಡುವ ಮೊದಲು ಕೆಂಡದಲ್ಲಿ ಸುಟ್ಟ ಹಲಸಿನ ಹಪ್ಪಳದ ಚೂರೊಂದನ್ನು ಎರಡು ದಿನ ಒಳಗಿಟ್ಟು, ಮುರಿದು ನೋಡಿ.