ಹಳೇ ಟೈಪ್‌ರೈಟರ್‌ಗೆ ಯಾವುದು ಸರಿ: ಸೀಮೆಎಣ್ಣೆಯೋ, ಪೆಟ್ರೋಲೋ, ಟರ್ಪೆಂಟೈನೋ?

ಹಳೇ ಟೈಪ್‌ರೈಟರ್ ಮನೆಗೆ ತಂದವರ ಮೊದಲ ದೂರು ಹೆಚ್ಚಾಗಿ ಒಂದೇ. ಕೀ ಒತ್ತಿದರೆ ಅಕ್ಷರದ ಕಡ್ಡಿ ಮೇಲೆ ಹೋಗುತ್ತದೆ, ವಾಪಸ್ ಬರುವುದಿಲ್ಲ. ಸ್ವಲ್ಪ ಎಣ್ಣೆ ಬಿಟ್ಟರೆ ಸರಿಹೋಗುತ್ತದಾ ಅಂತ ಕೇಳುತ್ತಾರೆ.

ದಯವಿಟ್ಟು ಬಿಡಬೇಡಿ. ಎಣ್ಣೆ ಸಾಲದೆ ಅದು ನಿಂತಿರುವುದಲ್ಲ. ವರ್ಷಗಟ್ಟಲೆ ಬಿಟ್ಟ ಎಣ್ಣೆ, ಧೂಳು, ರಿಬ್ಬನ್ ಮಸಿ, ರಬ್ಬರಿನಲ್ಲಿ ಅಳಿಸಿದ ಪುಡಿ ಎಲ್ಲಾ ಸೇರಿ ಜೋನಿಬೆಲ್ಲದ ಹಾಗೆ ಅಂಟಿಕೊಂಡಿರುತ್ತದೆ. ಅದನ್ನು ಕರಗಿಸಿ ಹೊರಗೆ ತೆಗೆಯಬೇಕು, ತೆಗೆದ ಮೇಲೆ ಅಲ್ಲಿ ಏನೂ ಉಳಿಯಬಾರದು. ಕೈಗೆ ಸಿಕ್ಕ ದ್ರವಗಳನ್ನೆಲ್ಲ ನಾನು ನೋಡಿದ್ದು ಇದೊಂದೇ ಅಳತೆಯಲ್ಲಿ.

ನನ್ನ ಹತ್ತಿರ ಇರುವುದು ಆಫೀಸಿನ ದೊಡ್ಡ ಮಿಷನ್‌ಗಳು: ಇಂಗ್ಲಿಷಿನ ಒಂದು ರೆಮಿಂಗ್ಟನ್, ಕನ್ನಡದ ಒಂದು ಗೋದ್ರೆಜ್. ಗೋದ್ರೆಜ್‌ನವರು 1955ರಲ್ಲಿ ಟೈಪ್‌ರೈಟರ್ ಮಾಡಲು ಶುರು ಮಾಡಿದರು. ಅವರು ಅದನ್ನು ನಿಲ್ಲಿಸಿದ ಸುದ್ದಿ 2011ರಲ್ಲಿ ದೇಶವಿಡೀ ಓಡಾಡಿತು. ಹೊಸ ಪಾರ್ಟ್ಸ್ ಇನ್ನು ಬರುವುದಿಲ್ಲ. ಒಂದು ಕೀ ಟಾಪ್ ಕರಗಿದರೂ ಇನ್ನೊಂದು ಮಿಷನ್ನಿನಿಂದ ಕಿತ್ತು ತರಬೇಕು. ಹಾಗಾಗಿ ಕ್ಲೀನ್ ಆಯಿತಾ ಅನ್ನುವಷ್ಟೇ ಮುಖ್ಯ, ಪಕ್ಕದ್ದು ಹಾಳಾಯಿತಾ ಅನ್ನುವುದೂ.

ಸೀಮೆಎಣ್ಣೆಯಿಂದ ಶುರು ಮಾಡುತ್ತೇನೆ, ಹಳೇ ಮೆಕ್ಯಾನಿಕ್‌ಗಳ ಕೈಯಲ್ಲಿ ಇದ್ದದ್ದು ಅದೇ. ಕೊಳೆಯನ್ನು ಚೆನ್ನಾಗಿ ಸಡಿಲ ಮಾಡುತ್ತದೆ. ಆದರೆ ನಿಧಾನಕ್ಕೆ ಆರುತ್ತದೆ, ಆರಿದ ಮೇಲೂ ಜಿಡ್ಡು ಬಿಡುತ್ತದೆ. ಆ ಜಿಡ್ಡಿಗೆ ಮತ್ತೆ ಧೂಳು ಕೂರುತ್ತದೆ. ವಾಸನೆ ಬೇರೆ ಮನೆಯಿಂದ ಬೇಗ ಹೋಗುವುದಿಲ್ಲ. ಕಾಗದ ಸುತ್ತಿಕೊಳ್ಳುವ ರಬ್ಬರ್ ರೋಲರ್‌ಗೆ ತಾಗಿದರೆ ರಬ್ಬರ್ ಉಬ್ಬುತ್ತದೆ. ಬಿಚ್ಚಿ ತೆಗೆದ ಸ್ಕ್ರೂ, ಸ್ಪ್ರಿಂಗ್, ಬ್ರ್ಯಾಕೆಟ್‌ಗಳನ್ನು ನೆನೆಹಾಕಲು ನಾನು ಈಗಲೂ ಅದನ್ನೇ ಬಳಸುತ್ತೇನೆ. ಮಿಷನ್ ಒಳಗೆ ಬಿಡುವುದಿಲ್ಲ.

ಪೆಟ್ರೋಲ್ ಬೇಡವೇ ಬೇಡ. ಬೇಗ ಕೆಲಸ ಮಾಡುತ್ತದೆ, ನಿಜ. ಆದರೆ ಅದರ ಆವಿ ಗಾಳಿಗಿಂತ ಭಾರ. ನೆಲದ ಮೇಲೆ ಹರಡಿ ಅಡುಗೆಮನೆ ಒಲೆಯವರೆಗೂ ಹೋಗಬಹುದು. ಸಾಲದ್ದಕ್ಕೆ ಈಗಿನ ಪೆಟ್ರೋಲಿನಲ್ಲಿ 20%ವರೆಗೆ ಎಥನಾಲ್ ಇರುತ್ತದೆ. ಎಥನಾಲ್ ನೀರಿನ ಪಸೆ ಎಳೆದುಕೊಳ್ಳುತ್ತದೆ, ಉಕ್ಕಿನ ಸಾಮಾನಿಗೆ ಅದು ಒಳ್ಳೆಯದಲ್ಲ.

ತುಕ್ಕು ಬಿಡಿಸುವ ಸ್ಪ್ರೇ ಡಬ್ಬಿಗಳ ಬಗ್ಗೆ ನನಗೆ ನಿಜಕ್ಕೂ ಬೇಜಾರಿದೆ. ಹೊಡೆದ ತಕ್ಷಣ ಕೀಗಳು ಓಡಾಡುತ್ತವೆ, ಜನ ಖುಷಿಯಾಗುತ್ತಾರೆ. ಆದರೆ ಅದರಲ್ಲಿ ಆರಿಹೋಗುವ ಭಾಗ ಆರಿ, ಎಣ್ಣೆ ಮಾತ್ರ ಅಲ್ಲೇ ನಿಲ್ಲುತ್ತದೆ. ಕೊಳೆ ಕರಗಿತೇ ಹೊರತು ಹೊರಗೆ ಬರಲಿಲ್ಲ, ಅಲ್ವಾ? ಕೆಲವು ತಿಂಗಳಲ್ಲಿ ಮೊದಲಿಗಿಂತ ಜಾಸ್ತಿ ಅಂಟುತ್ತದೆ. ಮಾರುವವರು ಸ್ಪ್ರೇ ಹೊಡೆದು ತೋರಿಸಿದ ಮಿಷನ್ ಕೊಳ್ಳುವಾಗ ಇದು ನೆನಪಿರಲಿ.

ನನ್ನ ಆಯ್ಕೆ ಪೇಂಟ್ ಅಂಗಡಿಯಲ್ಲಿ ಸಿಗುವ ಮಿನರಲ್ ಟರ್ಪೆಂಟೈನ್. ಪೈನ್ ಮರದ ಟರ್ಪೆಂಟೈನ್ ಬೇರೆ, ಅದು ಆರುತ್ತಾ ಅಂಟಾಗುತ್ತದೆ. ಥಿನ್ನರ್ ಕೂಡ ಅಲ್ಲ, ಥಿನ್ನರ್ ಬಣ್ಣವನ್ನೂ ಪ್ಲಾಸ್ಟಿಕ್ ಕೀಗಳನ್ನೂ ತಿಂದುಹಾಕುತ್ತದೆ. ಅಂಗಡಿಯಲ್ಲಿ ಹೆಸರು ಹೇಳಿ, ಲೇಬಲ್ ನೋಡಿಯೇ ತನ್ನಿ.

ಇದರ ಕೆಲಸ ಸೆಗ್ಮೆಂಟಿನಲ್ಲಿ. ಮಿಷನ್ನಿನ ನಡುವೆ ಅರ್ಧಚಂದ್ರದ ಆಕಾರದ ಒಂದು ಉಕ್ಕಿನ ತುಂಡು ಇರುತ್ತದೆ. ಅದರಲ್ಲಿ ಬಾಚಣಿಗೆ ಹಲ್ಲಿನಷ್ಟು ಕಿರಿದಾದ ಸಂದುಗಳು 40ಕ್ಕೂ ಹೆಚ್ಚು. ಪ್ರತಿ ಸಂದಿನಲ್ಲೂ ಒಂದೊಂದು ಟೈಪ್ ಬಾರ್, ಅಂದರೆ ಅಕ್ಷರದ ಕಡ್ಡಿ, ಕೂತಿರುತ್ತದೆ. ಅಂಟುವ ಜಾಗ ಬಹುತೇಕ ಇದೇ. ಕೆಳಗೆ ಹಳೇ ಟವೆಲ್ ಹಾಸಿ, ಕಿಟಕಿ ತೆರೆದು, ಹಳೇ ಟೂತ್‌ಬ್ರಷ್ಷಿಗೆ ಟರ್ಪೆಂಟೈನ್ ಹಚ್ಚಿಕೊಂಡು ಸಂದುಗಳ ಉದ್ದಕ್ಕೂ ಉಜ್ಜುತ್ತೇನೆ. ಆಮೇಲೆ ಆ ಕೀಯನ್ನು ಒಂದೇ ಸಮ ಒತ್ತುತ್ತೇನೆ. ಸಂದಿನಿಂದ ಕಂದು ನೀರು ಇಳಿಯುತ್ತದೆ, ಬಟ್ಟೆಯಲ್ಲಿ ಒರೆಸಿ ಮತ್ತೆ ಹಚ್ಚುತ್ತೇನೆ. ಇಳಿಯುವ ನೀರು ತಿಳಿಯಾಗುವವರೆಗೂ ಬಿಡುವುದಿಲ್ಲ. ಕೊನೆಗೆ ಸೈಕಲ್ ಪಂಪಿನಲ್ಲಿ ಗಾಳಿ ಹೊಡೆದು, ರಾತ್ರಿಯಿಡೀ ಆರಲು ಬಿಡುತ್ತೇನೆ. ಪರೀಕ್ಷೆ ಸುಲಭ. ಬೆರಳಿನಿಂದ ಟೈಪ್ ಬಾರನ್ನು ರೋಲರ್ ತನಕ ಎತ್ತಿ ಬಿಡಿ, ತಾನಾಗಿ ಕೆಳಗೆ ಬೀಳಬೇಕು. ನನ್ನ ರೆಮಿಂಗ್ಟನ್ನಿನಲ್ಲಿ ಸೀಮೆಎಣ್ಣೆ ಹಾಕಿದ ಮೇಲೂ ಅರ್ಧಕ್ಕೆ ನಿಲ್ಲುತ್ತಿದ್ದ ಬಾರ್‌ಗಳು ಇದರಿಂದ ಬಿಟ್ಟುಕೊಂಡವು. ಸೆಗ್ಮೆಂಟಿಗೆ ಆಮೇಲೂ ಎಣ್ಣೆ ಇಲ್ಲ. ಅದು ಒಣಗಿಯೇ ಇರಬೇಕು. ಹೊಲಿಗೆ ಮಿಷನ್ ಎಣ್ಣೆ ಒಂದೊಂದು ಹನಿ ಕ್ಯಾರೇಜ್ (ರೋಲರ್ ಹೊತ್ತು ಅತ್ತಿತ್ತ ಸರಿಯುವ ಭಾಗ) ಓಡುವ ಕಂಬಿಗಳಿಗೆ ಸಾಕು.

ಅಕ್ಷರದ ಅಚ್ಚುಗಳಿಗೆ ಮಾತ್ರ ನಾನು ಐಸೊಪ್ರೊಪೈಲ್ ಆಲ್ಕೋಹಾಲ್ ಹಿಡಿಯುತ್ತೇನೆ, ಮೊಬೈಲ್ ರಿಪೇರಿಯವರು ಬಳಸುವಂಥದ್ದು. 99% ಇರುವುದೇ ಬೇಕು. 70% ಇರುವುದರಲ್ಲಿ ಉಳಿದದ್ದೆಲ್ಲ ನೀರು. ಕನ್ನಡದ ಮಿಷನ್ನಿನಲ್ಲಿ ಈ ಕೆಲಸ ಇಂಗ್ಲಿಷಿಗಿಂತ ಜಾಸ್ತಿ, ಯಾಕೆಂದರೆ ನಮ್ಮ ಅಕ್ಷರಗಳು ದುಂಡಗೆ. ‘ರ’ದ ಹೊಟ್ಟೆಯಲ್ಲಿ ಮಸಿ ಕೂತರೆ ಕಾಗದದ ಮೇಲೆ ‘ಠ’ದ ಹಾಗೆ ಕಾಣುತ್ತದೆ. ಸೊನ್ನೆ ತುಂಬಿಕೊಂಡರೆ ಚುಕ್ಕಿಯಾಗುತ್ತದೆ. ಆಲ್ಕೋಹಾಲ್ ಹಚ್ಚಿ ಒಂದು ನಿಮಿಷ ಬಿಟ್ಟು, ಹಿತ್ತಾಳೆ ಬ್ರಷ್ಷಿನಲ್ಲಿ ಮೆಲ್ಲಗೆ ತಿಕ್ಕಿದರೆ ಒಳಗೆ ಕೂತ ಮಸಿ ಹೂರಣದ ಹಾಗೆ ಎದ್ದು ಬರುತ್ತದೆ. ಇದು ಚೂರೂ ಜಿಡ್ಡು ಬಿಡುವುದಿಲ್ಲ. ಆದರೆ ಮುಂಭಾಗದ ಚಿನ್ನದ ಬಣ್ಣದ ಹೆಸರಿಗೆ, ಹಳೇ ಪೇಂಟಿಗೆ ಸೋಕಲು ಬಿಡಬೇಡಿ, ಎದ್ದುಬಿಡುತ್ತದೆ. ಹೊರಮೈಗೆ ಸೋಪಿನ ನೀರಲ್ಲಿ ಹಿಂಡಿದ ಬಟ್ಟೆ ಸಾಕು.

ರೋಲರ್ ಗಟ್ಟಿಯಾಗಿ ಹೊಳೆಯುತ್ತಿದ್ದರೆ ಈ ಯಾವ ದ್ರವವೂ ಅದನ್ನು ಮೆತ್ತಗೆ ಮಾಡುವುದಿಲ್ಲ. ಆಲ್ಕೋಹಾಲಿನಲ್ಲಿ ಒರೆಸಿದರೆ ಕಾಗದ ಜಾರುವುದು ಸ್ವಲ್ಪ ಕಮ್ಮಿಯಾಗುತ್ತದೆ, ಅಷ್ಟೇ. ಸದ್ಯಕ್ಕೆ ಟೈಪ್ ಮಾಡುವ ಹಾಳೆಯ ಹಿಂದೆ ಇನ್ನೊಂದು ಹಾಳೆ ಇಡಿ. ಪೂರ್ತಿ ಸರಿಯಾಗಬೇಕೆಂದರೆ ಪ್ರಿಂಟಿಂಗ್ ಪ್ರೆಸ್ ರೋಲರ್‌ಗಳಿಗೆ ರಬ್ಬರ್ ಹಾಕಿಕೊಡುವವರನ್ನು ವಿಚಾರಿಸಿ, ಹಳೇ ರೋಲರ್ ಎಷ್ಟು ದಪ್ಪ ಇದೆಯೋ ಅಷ್ಟೇ ಇರಲಿ ಎಂದು ಅಳತೆ ಬರೆದುಕೊಡಿ.