ರಾತ್ರಿ ಬಸ್‌ನಲ್ಲಿ ಪಾಸ್‌ಪೋರ್ಟ್ ಇರುವ ಬ್ಯಾಗನ್ನು ತಲೆ ಮೇಲಿನ ರ‍್ಯಾಕ್‌ನಲ್ಲಿ ಇಡಬೇಡಿ

ರಜೆಯಲ್ಲಿ ಯೂರೋಪ್ ಸುತ್ತೋಣ ಅಂತ ರಾತ್ರಿ ಬಸ್ ಟಿಕೆಟ್ ಬುಕ್ ಮಾಡಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಸ್ವಲ್ಪ ಉದ್ದ ಇದೆ. ನನಗೆ ಯಾರಾದರೂ ಇಷ್ಟು ಬಿಡಿಸಿ ಮೊದಲೇ ಹೇಳಿದ್ದರೆ ನಾನು ನನ್ನ ಅಕ್ಕನ ಮದುವೆಯಲ್ಲಿ ಇರುತ್ತಿದ್ದೆ.

ನಾನು 2024ರ ಏಪ್ರಿಲ್‌ನಲ್ಲಿ ತಿಪಟೂರಿನಿಂದ ಜರ್ಮನಿಯ ಬ್ರೌನ್‌ಶ್ವೈಗ್‌ಗೆ ಓದಲು ಬಂದೆ. ಮೊದಲ ಎರಡು ತಿಂಗಳು ತುಂಬಾ ಒಂಟಿತನ. ಭಾನುವಾರ ಇಲ್ಲಿ ಅಂಗಡಿಗಳೆಲ್ಲ ಬಾಗಿಲು ಹಾಕಿರುತ್ತವೆ, ಬೀದಿಯಲ್ಲಿ ಜನ ಕಾಣುವುದಿಲ್ಲ, ರೂಮಿನಲ್ಲಿ ಕೂತು ಅಮ್ಮನಿಗೆ ಎಷ್ಟು ಸಲ ಅಂತ ಫೋನ್ ಮಾಡುವುದು? ಆಮೇಲೆ ಹಾಸ್ಟೆಲ್‌ನ ಅಡುಗೆಮನೆಯಲ್ಲಿ ಒಂದು ಗುಂಪು ಕಟ್ಟಿಕೊಂಡಿತು. ಹಾಸನದ ಒಬ್ಬಳು, ಪುಣೆಯ ಇಬ್ಬರು ಹುಡುಗರು, ಟರ್ಕಿಯ ಒಬ್ಬಳು, ನಾನು. ಶನಿವಾರ ಯಾರಾದರೂ ಒಬ್ಬರು ಅಡುಗೆ ಮಾಡಬೇಕು, ಉಳಿದವರು ಪಾತ್ರೆ ತೊಳೆಯಬೇಕು. ನನ್ನ ಚಿತ್ರಾನ್ನಕ್ಕೆ ಟರ್ಕಿಯವಳು ಮೊಸರು ಹಾಕಿಕೊಂಡು ತಿನ್ನುತ್ತಿದ್ದಳು. ಈ ಗುಂಪು ಸಿಕ್ಕಿದ್ದರಿಂದಲೇ ನಾನು ಇಲ್ಲಿ ಉಳಿದೆ ಅಂತ ಈಗಲೂ ಅನ್ನಿಸುತ್ತದೆ. ಸೆಮಿಸ್ಟರ್ ಟಿಕೆಟ್‌ನಲ್ಲಿ (ವಿದ್ಯಾರ್ಥಿಗಳಿಗೆ ಸಿಗುವ ರೈಲು-ಬಸ್ ಪಾಸ್) ಹಾರ್ಜ್ ಬೆಟ್ಟಕ್ಕೆ ಹೋದೆವು, ಹ್ಯಾಂಬರ್ಗ್ ನೋಡಿದೆವು. ಡಿಸೆಂಬರ್‌ನಲ್ಲಿ ಪ್ಯಾರಿಸ್ ಅಂತ ತೀರ್ಮಾನವಾಯಿತು. 2019ರ ಬೆಂಕಿಯ ನಂತರ ಮುಚ್ಚಿದ್ದ ನೋತ್ರ್ ದಾಮ್ ಚರ್ಚ್ ಆಗಷ್ಟೇ ಮತ್ತೆ ತೆರೆದಿತ್ತು. ರೈಲು ದುಬಾರಿ, ವಿಮಾನ ಅದಕ್ಕಿಂತ ದುಬಾರಿ, ರಾತ್ರಿ ಬಸ್ ಅಗ್ಗ. ಹೋಟೆಲ್‌ನ ಒಂದು ರಾತ್ರಿಯ ದುಡ್ಡೂ ಉಳಿಯುತ್ತದೆ ಅಲ್ವಾ, ಸ್ಟೂಡೆಂಟ್‌ಗಳೆಲ್ಲ ಹೀಗೇ ಲೆಕ್ಕ ಹಾಕುವುದು.

ಪ್ಯಾರಿಸ್‌ನಲ್ಲಿ ಜೇಬುಗಳ್ಳರ ಬಗ್ಗೆ ಎಲ್ಲರೂ ಹೆದರಿಸಿದ್ದರು, ಹಾಗಾಗಿ ನಾವು ಅಲ್ಲಿ ತುಂಬಾ ಹುಷಾರಾಗಿದ್ದೆವು. ಮೊಂಮಾರ್ತ್ರ್ ಮೆಟ್ಟಿಲುಗಳ ಹತ್ತಿರ ಕೈಗೆ ದಾರ ಕಟ್ಟಿ ದುಡ್ಡು ಕೇಳುವವರಿಂದ ದೂರ ನಡೆದೆವು. ಸಹಿ ಹಾಕಿ ಅಂತ ಕಾಗದ ಹಿಡಿದು ಸುತ್ತುವರಿಯುವ ಹುಡುಗಿಯರ ಕಡೆ ತಿರುಗಿಯೂ ನೋಡಲಿಲ್ಲ. ಅಮ್ಮ ನಾನು ಹೊರಡುವ ಮೊದಲು ನಮ್ಮೂರಿನ ಬ್ಲೌಸ್ ಹೊಲಿಯುವವರ ಹತ್ತಿರ ಒಂದು ಬಟ್ಟೆಯ ಚೀಲ ಹೊಲಿಸಿ ಕೊಟ್ಟಿದ್ದರು, ಸೊಂಟಕ್ಕೆ ಕಟ್ಟಿಕೊಂಡು ಮೇಲೆ ಬಟ್ಟೆ ಹಾಕಿಕೊಳ್ಳುವಂಥದ್ದು. ಪಾಸ್‌ಪೋರ್ಟ್, ರೆಸಿಡೆನ್ಸ್ ಕಾರ್ಡ್ (ಜರ್ಮನಿಯಲ್ಲಿ ವಾಸಿಸಲು ಕೊಡುವ ಪರವಾನಗಿ ಕಾರ್ಡ್) ಎರಡೂ ಎರಡು ದಿನ ಅದರಲ್ಲೇ ಇದ್ದವು.

ಕೊನೆಯ ದಿನ ಲೂವ್ರ್ ಮ್ಯೂಸಿಯಂಗೆ ಹೋದೆವು. ಯೂರೋಪಿಯನ್ ಒಕ್ಕೂಟದ ದೇಶಗಳಲ್ಲಿ ವಾಸವಿರುವ 26 ವರ್ಷದೊಳಗಿನವರಿಗೆ ಅಲ್ಲಿ ಟಿಕೆಟ್ ಉಚಿತ, ಇಲ್ಲದಿದ್ದರೆ ಆಗ 22 ಯೂರೋ. ವಾಸಕ್ಕೆ ಪುರಾವೆ ತೋರಿಸಬೇಕಾದ್ದರಿಂದ ಸಾಲಿನಲ್ಲಿ ನಿಂತು ಚೀಲ ಬಿಚ್ಚಿ ಕಾರ್ಡ್ ತೆಗೆದೆ. ಒಳಗೆ ಹೋದ ಮೇಲೆ ಮತ್ತೆ ಕೋಟು, ಸ್ವೆಟರ್ ಎಲ್ಲ ಎತ್ತಿ ಚೀಲ ಕಟ್ಟಿಕೊಳ್ಳಲು ಬೇಜಾರಾಯಿತು. ಚೀಲವನ್ನು ಹಾಗೇ ಲ್ಯಾಪ್‌ಟಾಪ್ ಬ್ಯಾಗಿನ ಮುಂದಿನ ಜಿಪ್ಪಿಗೆ ಹಾಕಿದೆ. ಸಂಜೆ ಕಟ್ಟಿಕೊಂಡರಾಯಿತು ಅಂದುಕೊಂಡೆ. ಸಂಜೆ ಮರೆತೆ. ಅಷ್ಟೇ ನಾನು ಮಾಡಿದ ತಪ್ಪು.

ರಾತ್ರಿ ಬೆರ್ಸಿ ಬಸ್ ನಿಲ್ದಾಣದಿಂದ ಹೊರಟೆವು. ಮೂರು ದಿನ ನಡೆದು ಕಾಲು ಬಿದ್ದುಹೋಗಿತ್ತು. ಸೀಟಿನ ಮುಂದೆ ಕಾಲಿಡಲು ಜಾಗ ಇರಲಿಲ್ಲ, ಹಾಗಾಗಿ ಬ್ಯಾಗನ್ನು ತಲೆ ಮೇಲಿನ ರ‍್ಯಾಕ್‌ಗೆ ಹಾಕಿದೆ. ಯಾರಿಗೂ ಕಾಣದಿರಲಿ ಅಂತ ಅದರ ಮೇಲೆ ನನ್ನ ಶಾಲನ್ನೂ ಹೊದಿಸಿದೆ. ಮಧ್ಯರಾತ್ರಿ ದಾಟಿದ ಮೇಲೆ ಬ್ರಸೆಲ್ಸ್‌ನಲ್ಲಿ ಬಸ್ ನಿಂತಿತು. ದೀಪ ಹತ್ತಿತು, ಒಂದಷ್ಟು ಜನ ಇಳಿದರು, ಒಂದಷ್ಟು ಜನ ಹತ್ತಿದರು, ನಾನು ಅರ್ಧ ಕಣ್ಣು ತೆರೆದು ನೋಡಿ ಮತ್ತೆ ಮಲಗಿದೆ. ಅದು ಮಾತ್ರ ನೆನಪಿದೆ.

ಮುಂದಿನ ಸಲ ಎಚ್ಚರವಾದಾಗ ಬಸ್ ಮತ್ತೆ ನಿಂತಿತ್ತು. ಲಿಯೇಜ್ ದಾಟಿ ಆಖೆನ್ ಹತ್ತಿರ, ಜರ್ಮನಿಯ ಗಡಿ. ಇಬ್ಬರು ಪೊಲೀಸರು ಹತ್ತಿ "ಪಾಸ್‌ಪೋರ್ಟ್" ಅಂತ ಒಂದೊಂದೇ ಸೀಟು ನೋಡುತ್ತಾ ಬರುತ್ತಿದ್ದರು. ಎದ್ದು ಕೈ ಮೇಲೆ ಹಾಕಿದೆ. ಶಾಲು ಕೈಗೆ ಸಿಕ್ಕಿತು. ಕೆಳಗೆ ಏನೂ ಇರಲಿಲ್ಲ. ರ‍್ಯಾಕ್‌ನ ಕಬ್ಬಿಣ ತಣ್ಣಗೆ ಬೆರಳಿಗೆ ತಾಗಿತು. ಕದ್ದವರು ಶಾಲನ್ನು ಕೆಳಗೆ ಬೀಳಿಸಿರಲೂ ಇಲ್ಲ, ಅದು ಹೊದಿಸಿದ ಹಾಗೇ ಇತ್ತು. ಹಿಂದಿನ ರ‍್ಯಾಕ್, ಮುಂದಿನ ರ‍್ಯಾಕ್, ಸೀಟಿನ ಅಡಿ ಎಲ್ಲ ಹುಡುಕಿದೆ. ಪುಣೆಯ ಹುಡುಗರು ಮೊಬೈಲ್ ಟಾರ್ಚ್ ಹಾಕಿ ನೆಲದ ಮೇಲೆ ಮಂಡಿಯೂರಿ ಹುಡುಕಿದರು. ಪಾಸ್‌ಪೋರ್ಟ್, ಕಾರ್ಡ್, ಲ್ಯಾಪ್‌ಟಾಪ್, ಪರ್ಸ್ ಎಲ್ಲ ಅದರಲ್ಲೇ.

ಇಲ್ಲಿ ಒಂದು ಮಾತು. ಷೆಂಗೆನ್ ಅಂದರೆ ತಮ್ಮ ನಡುವೆ ಗಡಿ ತಪಾಸಣೆ ಇಲ್ಲದೆ ಓಡಾಡಲು ಒಪ್ಪಿಕೊಂಡಿರುವ ಯೂರೋಪ್ ದೇಶಗಳ ಗುಂಪು. "ಷೆಂಗೆನ್ ಒಳಗೆ ಗಡಿಯೇ ಇಲ್ಲ, ಪಾಸ್‌ಪೋರ್ಟ್ ರೂಮಲ್ಲೇ ಬಿಟ್ಟು ಹೋಗು" ಅಂತ ಹೇಳುವ ಸೀನಿಯರ್‌ಗಳು ಪ್ರತಿ ಊರಿನಲ್ಲೂ ಇದ್ದಾರೆ. ಅವರ ಮಾತು ಕೇಳಬೇಡಿ. 2024ರ ಸೆಪ್ಟೆಂಬರ್ 16ರಿಂದ ಜರ್ಮನಿ ತನ್ನ ಎಲ್ಲಾ ಭೂಗಡಿಗಳಲ್ಲೂ ತಪಾಸಣೆ ಶುರು ಮಾಡಿತು. ಪ್ರತಿ ಬಸ್ಸನ್ನೂ ನಿಲ್ಲಿಸುವುದಿಲ್ಲ, ಆದರೆ ನಿಮ್ಮ ಬಸ್ಸನ್ನು ನಿಲ್ಲಿಸಬಹುದು. ತಪಾಸಣೆ ಇರಲಿ ಬಿಡಲಿ, ನಮ್ಮಂಥವರು ಬೇರೆ ಷೆಂಗೆನ್ ದೇಶಕ್ಕೆ ಹೋಗುವಾಗ ಪಾಸ್‌ಪೋರ್ಟೂ ಬೇಕು, ರೆಸಿಡೆನ್ಸ್ ಕಾರ್ಡೂ ಬೇಕು. ಒಂದಿದ್ದರೆ ಸಾಲದು. ಹಾಗಾಗಿ ಮನೆಯಲ್ಲಿ ಬಿಟ್ಟು ಹೋಗುವುದು ದಾರಿಯಲ್ಲ, ಮೈಮೇಲೆ ಇಟ್ಟುಕೊಳ್ಳುವುದೇ ದಾರಿ.

ಪೊಲೀಸರು ನನ್ನನ್ನು ಕೆಳಗಿಳಿಸಿದರು. ಅವರು ಕೆಟ್ಟದಾಗಿ ನಡೆದುಕೊಳ್ಳಲಿಲ್ಲ, ಆದರೆ ನಗಲೂ ಇಲ್ಲ. ಬಸ್ ಡ್ರೈವರ್ ಕಾಯಲು ಆಗುವುದಿಲ್ಲ ಅಂದರು. ನಮ್ಮ ಗುಂಪಿನ ಮೂವರಿಗೆ ಬೆಳಿಗ್ಗೆ ಲ್ಯಾಬ್ ಇತ್ತು, ಅವರು ಬಸ್‌ನಲ್ಲೇ ಮುಂದೆ ಹೋದರು. ಅವರ ಮೇಲೆ ನನಗೆ ಕೋಪ ಇಲ್ಲ, ಈಗಲೂ ಶನಿವಾರ ಒಟ್ಟಿಗೇ ಊಟ ಮಾಡುತ್ತೇವೆ. ಆದರೆ ಆ ಕತ್ತಲಲ್ಲಿ ಬಸ್ಸಿನ ಹಿಂದಿನ ಕೆಂಪು ದೀಪ ದೂರ ಆಗುವುದನ್ನು ನೋಡುತ್ತಾ ನಿಂತಾಗ ಹೊಟ್ಟೆಯಲ್ಲಿ ಏನೋ ಕುಸಿದ ಹಾಗಾಯಿತು, ಅದು ಸುಳ್ಳಲ್ಲ. ಹಾಸನದವಳು ಮಾತ್ರ ತನ್ನ ಬ್ಯಾಗ್ ಹೆಗಲಿಗೆ ಹಾಕಿಕೊಂಡು ಇಳಿದುಬಿಟ್ಟಳು. "ನೀನೊಬ್ಬಳೇ ಇಲ್ಲಿ ಏನ್ ಮಾಡ್ತೀಯ, ನಡಿ" ಅಂದಳು. ಗುಂಪಿನಲ್ಲಿ ಟ್ರಿಪ್ ಹೋಗುವವರು ಹೊರಡುವ ಮೊದಲೇ ಮಾತಾಡಿಕೊಳ್ಳಿ: ಒಬ್ಬರಿಗೆ ಏನಾದರೂ ಆದರೆ ಜೊತೆಗೆ ಯಾರು ಉಳಿಯುತ್ತಾರೆ ಅಂತ. ರೂಮು, ಊಟ, ಫೋಟೋ ಎಲ್ಲದರ ಬಗ್ಗೆ ಗ್ರೂಪ್‌ನಲ್ಲಿ ನೂರು ಮೆಸೇಜ್ ಹಾಕಿದ್ದೆವು. ಇದರ ಬಗ್ಗೆ ಒಂದೂ ಇರಲಿಲ್ಲ.

ನನ್ನನ್ನು ಉಳಿಸಿದ್ದು ಫೋನ್. ಅದು ಜಾಕೆಟ್ ಜೇಬಿನಲ್ಲಿತ್ತು. ಪಾಸ್‌ಪೋರ್ಟಿನ ಮೊದಲ ಮತ್ತು ಕೊನೆಯ ಪುಟ, ಕಾರ್ಡಿನ ಎರಡೂ ಬದಿ, ವೀಸಾ ಪುಟ, ಎಲ್ಲದರ ಸ್ಕ್ಯಾನ್ ನನ್ನ ಇಮೇಲ್‌ನಲ್ಲಿತ್ತು. ಫೋಟೋ ತೋರಿಸಿದರೆ ಅದು ದಾಖಲೆಯಾಗುವುದಿಲ್ಲ, ಇದು ನೆನಪಿರಲಿ. ಆದರೆ ಕಾರ್ಡಿನ ನಂಬರ್ ಇದ್ದದ್ದರಿಂದ ಅವರಿಗೆ ತಮ್ಮ ಕಂಪ್ಯೂಟರ್‌ನಲ್ಲಿ ನನ್ನನ್ನು ಹುಡುಕುವುದು ಸುಲಭವಾಯಿತು. ಬೆರಳಚ್ಚು ತೆಗೆದುಕೊಂಡರು. ಎರಡು ಗಂಟೆಗೂ ಜಾಸ್ತಿ ಒಂದು ಬಿಳಿ ಕೋಣೆಯಲ್ಲಿ ಕೂತಿದ್ದೆವು. ಅಲ್ಲೇ ಕಳ್ಳತನದ ದೂರು ಬರೆಸಿದೆ. ಕಾಗದದಲ್ಲಿ ಪಾಸ್‌ಪೋರ್ಟ್ ಮತ್ತು ಕಾರ್ಡ್ ಎರಡರ ನಂಬರೂ ಇರಬೇಕು ಅಂತ ಹಾಸನದವಳು ಹಠ ಹಿಡಿದು ಬರೆಸಿದಳು. ಮುಂದೆ ಪ್ರತಿ ಆಫೀಸಿನಲ್ಲೂ ಮೊದಲು ಕೇಳಿದ್ದು ಆ ಕಾಗದವನ್ನೇ.

ಇನ್ನೊಂದು ಸಂಖ್ಯೆ ಈಗಲೇ ಫೋನ್‌ನಲ್ಲಿ ಸೇವ್ ಮಾಡಿಕೊಳ್ಳಿ: 116 116. ಜರ್ಮನಿಯಲ್ಲಿ ಬ್ಯಾಂಕ್ ಕಾರ್ಡ್ ಬ್ಲಾಕ್ ಮಾಡಿಸಲು ಇರುವ ನಂಬರ್. ಬೇರೆ ದೇಶದಲ್ಲಿದ್ದರೆ ಮುಂದೆ +49 ಹಾಕಿ. ರೆಸಿಡೆನ್ಸ್ ಕಾರ್ಡಿನಲ್ಲಿ ಆನ್‌ಲೈನ್ ಗುರುತಿನ ಸೌಲಭ್ಯ ಇರುತ್ತದಲ್ಲ, ಅದನ್ನೂ ಇಲ್ಲೇ ನಿಲ್ಲಿಸಬಹುದು. ನನಗೆ ಈ ನಂಬರ್ ಗೊತ್ತಿರಲಿಲ್ಲ, ಆ ಪೊಲೀಸ್ ಅಧಿಕಾರಿಯೇ ಚೀಟಿಯಲ್ಲಿ ಬರೆದು ಕೊಟ್ಟರು. ಅಷ್ಟರಲ್ಲಿ ನನ್ನ ಬ್ಯಾಂಕ್ ಕಾರ್ಡಿನಿಂದ ಪಿನ್ ಇಲ್ಲದೆ ಮೂರು ಸಲ ಸಣ್ಣ ಸಣ್ಣ ಮೊತ್ತ ಹೋಗಿತ್ತು.

ಬೆಳಿಗ್ಗೆ ಆಖೆನ್‌ನಿಂದ ಹಾಮ್, ಅಲ್ಲಿಂದ ಬೀಲೆಫೆಲ್ಡ್, ಅಲ್ಲಿಂದ ಬ್ರೌನ್‌ಶ್ವೈಗ್. ಸೆಮಿಸ್ಟರ್ ಟಿಕೆಟ್ ಫೋನ್‌ನಲ್ಲಿ ಇದ್ದದ್ದರಿಂದ ನಿಧಾನದ ರೈಲುಗಳಲ್ಲಿ ಇಡೀ ದಿನ ಕೂತು ಬಂದೆವು. ಟಿಕೆಟ್ ಜೊತೆ ಗುರುತಿನ ಚೀಟಿ ಕೇಳಿದಾಗ ಪೊಲೀಸ್ ಕಾಗದ ತೋರಿಸಿದೆ. ಹಾಸನದವಳೇ ಬ್ರೆಡ್ಡು, ಕಾಫಿ ಕೊಡಿಸಿದಳು. ನನ್ನ ಹತ್ತಿರ ಒಂದು ಸೆಂಟೂ ಇರಲಿಲ್ಲ.

ಬಸ್ ಕಂಪನಿಗೆ ಬರೆದೆ. ಪ್ರಯಾಣಿಕರು ಒಳಗೆ ಇಟ್ಟುಕೊಳ್ಳುವ ಕೈಚೀಲಕ್ಕೆ ನಾವು ಜವಾಬ್ದಾರರಲ್ಲ, ಅಂತ ಎರಡು ಸಾಲಿನ ಉತ್ತರ ಬಂತು. ಅಲ್ಲಿಗೆ ಅದು ಮುಗಿಯಿತು.

ನಿಜವಾದ ಕಷ್ಟ ಆಮೇಲೆ. ಮೊದಲು ಪಾಸ್‌ಪೋರ್ಟ್ ಬರಬೇಕು, ಅದು ಬಂದ ಮೇಲೆಯೇ ಕಾರ್ಡ್. ಎರಡೂ ಒಟ್ಟಿಗೆ ನಡೆಯುವುದಿಲ್ಲ. ನಾವಿರುವ ಲೋವರ್ ಸ್ಯಾಕ್ಸನಿ ರಾಜ್ಯ ಹ್ಯಾಂಬರ್ಗ್‌ನ ಭಾರತೀಯ ಕಾನ್ಸುಲೇಟ್ ವ್ಯಾಪ್ತಿಗೆ ಬರುತ್ತದೆ. ನೀವಿರುವ ರಾಜ್ಯಕ್ಕೆ ಬರ್ಲಿನ್ನೋ, ಫ್ರಾಂಕ್‌ಫರ್ಟೋ, ಮ್ಯೂನಿಕ್ಕೋ, ಹ್ಯಾಂಬರ್ಗೋ ಅಂತ ಇವತ್ತೇ ನೋಡಿಟ್ಟುಕೊಳ್ಳಿ, ಅಳುತ್ತಾ ಕೂತಾಗ ಹುಡುಕುವ ಕೆಲಸ ಅಲ್ಲ ಅದು. ಕ್ರಿಸ್‌ಮಸ್, ಹೊಸ ವರ್ಷದ ರಜೆಗಳಲ್ಲಿ ಎರಡು ವಾರ ಹಾಗೇ ಹೋಯಿತು. ಜನವರಿಯಲ್ಲಿ ಅರ್ಜಿ ಹೋಯಿತು. ಊರಿನಲ್ಲಿ ಪೊಲೀಸ್ ಪರಿಶೀಲನೆಗೆ ಮನೆಗೆ ಬಂದಾಗ ಅಪ್ಪ ಮದುವೆ ಕರೆಯೋಲೆ ಹಂಚಲು ಹೊರಗೆ ಹೋಗಿದ್ದರು. ಅಮ್ಮ ಒಬ್ಬರೇ ಇದ್ದರು, ಬಾಗಿಲಲ್ಲಿ ಪೊಲೀಸರನ್ನು ನೋಡಿ ನನಗೆ ಏನೋ ಆಗಿದೆ ಅಂದುಕೊಂಡು ಗೋಡೆ ಹಿಡಿದು ಕೂತರಂತೆ. ಇದನ್ನು ಮನೆಯವರಿಗೆ ಮೊದಲೇ ಹೇಳಿಡಿ. ನಾನು ಹೇಳಿರಲಿಲ್ಲ.

ಅಕ್ಕನ ಮದುವೆ ಫೆಬ್ರವರಿ ಎರಡನೇ ವಾರ. ಟಿಕೆಟ್ ಅಕ್ಟೋಬರ್‌ನಲ್ಲೇ ತೆಗೆದಿದ್ದೆ. ಪಾಸ್‌ಪೋರ್ಟ್ ಕಳೆದುಕೊಂಡವರಿಗೆ ಕಾನ್ಸುಲೇಟ್‌ನವರು ಎಮರ್ಜೆನ್ಸಿ ಸರ್ಟಿಫಿಕೇಟ್ ಕೊಡುತ್ತಾರಲ್ಲ, ಅದರಲ್ಲಿ ಹೋಗು ಅಂತ ಹಲವರು ಹೇಳಿದರು. ಅದು ಭಾರತಕ್ಕೆ ಹೋಗಲು ಮಾತ್ರ, ಒಂದು ಕಡೆಯ ಪ್ರಯಾಣಕ್ಕೆ. ವಾಪಸ್ ಬರಲು ಊರಿನಲ್ಲಿ ಹೊಸ ಪಾಸ್‌ಪೋರ್ಟ್ ಮಾಡಿಸಿ, ಮತ್ತೆ ಬೆಂಗಳೂರಿನ ಜರ್ಮನ್ ಕಾನ್ಸುಲೇಟ್ ಬಾಗಿಲು ತಟ್ಟಬೇಕು. ಫೆಬ್ರವರಿ, ಮಾರ್ಚ್‌ನಲ್ಲಿ ನನಗೆ ನಾಲ್ಕು ಪರೀಕ್ಷೆ ಇದ್ದವು. ಒಂದು ವಾರ ನಿದ್ದೆ ಇಲ್ಲದೆ ಯೋಚಿಸಿ ಹೋಗದಿರಲು ತೀರ್ಮಾನಿಸಿದೆ. ಅಕ್ಕನಿಗೆ ಫೋನ್ ಮಾಡಿ ಹೇಳಿದೆ. "ನೀನು ಹುಷಾರಾಗಿದ್ದೀಯಲ್ಲ ಪುಟ್ಟಿ, ಅಷ್ಟು ಸಾಕು" ಅಂದಳು. ಫೋನ್ ಇಡುವ ಮೊದಲು ಅವಳು ಅಳುವುದು ಕೇಳಿಸಿತು. ಮುಹೂರ್ತ ಇಲ್ಲಿನ ಸಮಯಕ್ಕೆ ಬೆಳಗಿನ ಜಾವ ಐದೂವರೆ. ಚಿಕ್ಕಪ್ಪನ ಮಗ ಮೊಬೈಲ್ ಎತ್ತಿ ಹಿಡಿದಿದ್ದ, ಆದರೆ ವಾಲಗದ ಸದ್ದಿಗೆ ಒಂದು ಮಾತೂ ಕೇಳಲಿಲ್ಲ, ಧಾರೆ ಎರೆಯುವಾಗ ಯಾರದೋ ಬೆನ್ನು ಅಡ್ಡ ಬಂತು.

ಪಾಸ್‌ಪೋರ್ಟ್ ಫೆಬ್ರವರಿ ಕೊನೆಗೆ ಬಂತು. ಕಾರ್ಡ್ ಬರ್ಲಿನ್‌ನಲ್ಲಿ ಪ್ರಿಂಟ್ ಆಗಿ ಬರುವುದರಿಂದ ಅದಕ್ಕೆ ಮತ್ತೆ ಐದು ವಾರ. ಅಲ್ಲಿಯವರೆಗೆ ವಿದೇಶಿಯರ ಕಚೇರಿ ಕೊಟ್ಟ ತಾತ್ಕಾಲಿಕ ಕಾಗದ. ಅದನ್ನು ಹಿಡಿದು ಪಾರ್ಟ್‌ಟೈಮ್ ಕೆಲಸ ಉಳಿಸಿಕೊಂಡೆ, ಆದರೆ ಗಡಿ ದಾಟುವ ಧೈರ್ಯ ಮಾಡಲಿಲ್ಲ. ಫೀಸು, ಓಡಾಟ, ಲ್ಯಾಪ್‌ಟಾಪ್, ಬಳಸದೇ ಹೋದ ವಿಮಾನ ಟಿಕೆಟ್ ಎಲ್ಲ ಸೇರಿ ನನ್ನ ಎರಡು ತಿಂಗಳ ಖರ್ಚಿನ ದುಡ್ಡು ಹೋಯಿತು.

ಪ್ರವಾಸ ಮಾಡಬೇಡಿ ಅಂತ ನಾನು ಹೇಳುತ್ತಿಲ್ಲ. ಗೆಳೆಯರ ಜೊತೆ ಸುತ್ತಿದ ದಿನಗಳು ನನಗೂ ಬೇಕು. ಆದರೆ ರಾತ್ರಿ ಬಸ್ ಹತ್ತುವ ಮೊದಲು ನಿಲ್ದಾಣದ ಟಾಯ್ಲೆಟ್‌ಗೆ ಹೋಗಿ ಪಾಸ್‌ಪೋರ್ಟ್, ಕಾರ್ಡ್ ಎರಡನ್ನೂ ಬಟ್ಟೆಯ ಒಳಗೆ ಕಟ್ಟಿಕೊಳ್ಳಿ. ಚುಚ್ಚಿದರೂ ಪರವಾಗಿಲ್ಲ, ಬೆವರಾದರೂ ಪರವಾಗಿಲ್ಲ. ಒಂದು ಬ್ಯಾಂಕ್ ಕಾರ್ಡ್ ಮತ್ತು ಐವತ್ತು ಯೂರೋ ಬೇರೆ ಜೇಬಿನಲ್ಲಿರಲಿ. ಲ್ಯಾಪ್‌ಟಾಪ್ ತರಲೇಬೇಕಿದ್ದರೆ ಬ್ಯಾಗಿನ ಪಟ್ಟಿಯನ್ನು ಕಾಲಿಗೆ ಸುತ್ತಿಕೊಂಡು ಕಾಲಿನ ಹತ್ತಿರವೇ ಇಡಿ. ಇಬ್ಬರಿದ್ದರೆ ನಿಲ್ದಾಣ ಬಂದಾಗ ಒಬ್ಬರಾದರೂ ಎದ್ದಿರಿ. ನಿಲ್ದಾಣದಲ್ಲಿ ಇಳಿಯುವವರ ಜೊತೆ ಬ್ಯಾಗೂ ಇಳಿದುಬಿಡುತ್ತದೆ.

ನನ್ನ ಥರವೇ ಯಾರಾದರೂ ಈಗ ಪಾಸ್‌ಪೋರ್ಟ್ ಕಳೆದುಕೊಂಡು ಕೂತಿದ್ದರೆ ನನಗೆ ಮೆಸೇಜ್ ಮಾಡಿ. ಹ್ಯಾಂಬರ್ಗ್‌ಗೆ ನಾನು ಕಳಿಸಿದ ಕಾಗದಗಳ ಪಟ್ಟಿ, ಯಾವ ಕ್ರಮದಲ್ಲಿ ಕಳಿಸಿದೆ, ಯಾವುದು ವಾಪಸ್ ಬಂತು ಎಲ್ಲ ಬರೆದಿಟ್ಟಿದ್ದೇನೆ, ಕಳಿಸುತ್ತೇನೆ.