ಹುಳುಕಡ್ಡಿಯ ಕ್ಯಾಪ್ಸೂಲ್ ಮತ್ತು ಕೊಲೆಸ್ಟರಾಲ್ ಮಾತ್ರೆ: ಓಡುವವರು ದಯವಿಟ್ಟು ಓದಿ

ನಾನು ತೀರ್ಥಹಳ್ಳಿಯವನು, ವಯಸ್ಸು 51. ಒಂಬತ್ತು ವರ್ಷಗಳಿಂದ ಬೆಳಗಿನ ಓಟ ತಪ್ಪಿಸಿದವನಲ್ಲ. ನಮ್ಮ ತಂದೆಯವರಿಗೆ ಚಿಕ್ಕ ವಯಸ್ಸಿನಲ್ಲೇ ಹೃದಯಾಘಾತವಾಗಿದ್ದರಿಂದ ಮತ್ತು ನನ್ನ ಕೊಲೆಸ್ಟರಾಲ್ ಪಥ್ಯಕ್ಕೆ ಬಗ್ಗದೆ ಇದ್ದುದರಿಂದ, ಎರಡು ವರ್ಷಗಳಿಂದ ರಾತ್ರಿ ಊಟದ ನಂತರ ಅಟೋರ್ವಾಸ್ಟ್ಯಾಟಿನ್ 40 ಮಿ.ಗ್ರಾಂ. ಮಾತ್ರೆ ತೆಗೆದುಕೊಳ್ಳುತ್ತಿದ್ದೆ. ಅದರಿಂದ ಒಂದು ದಿನವೂ ತೊಂದರೆಯಾಗಿರಲಿಲ್ಲ.

ಕಳೆದ ವರ್ಷ ಪುಷ್ಯ ಮಳೆ ಹಿಡಿದಾಗ ಶೂ, ಚಡ್ಡಿ ಯಾವುದೂ ಒಣಗದೆ, ಒದ್ದೆಯಲ್ಲೇ ಓಡಿ ತೊಡೆಸಂದಿಗೆ ಹುಳುಕಡ್ಡಿ ಹತ್ತಿತು. ಮಲೆನಾಡಿನಲ್ಲಿ ಇದು ಹೊಸದಲ್ಲ. ಮುಲಾಮಿಗೆ ಜಗ್ಗದಿದ್ದಾಗ ಶಿವಮೊಗ್ಗದ ಚರ್ಮವೈದ್ಯರೊಬ್ಬರು ಇಟ್ರಾಕೊನಜೋಲ್ 200 ಮಿ.ಗ್ರಾಂ. ಕ್ಯಾಪ್ಸೂಲನ್ನು ಒಂದು ತಿಂಗಳಿಗೆ ಬರೆದುಕೊಟ್ಟರು. "ಬಿಪಿ, ಶುಗರ್ ಏನಾದರೂ ಇದೆಯಾ?" ಎಂದು ಕೇಳಿದರು. ಎರಡೂ ಇಲ್ಲದ್ದರಿಂದ "ಇಲ್ಲ ಡಾಕ್ಟ್ರೇ" ಎಂದೆ. ಬೇರೆ ಯಾವ ಮಾತ್ರೆ ನುಂಗುತ್ತೀರಿ ಎಂದು ಅವರೂ ಕೇಳಲಿಲ್ಲ, ಮೆಡಿಕಲ್ ಶಾಪಿನವರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಹನ್ನೊಂದನೆಯ ದಿನ ಎರಡೂ ತೊಡೆಗಳಲ್ಲಿ ಒಂದೇ ಸಮನಾದ ನೋವು ಶುರುವಾಯಿತು. ಹಿಂದಿನ ಭಾನುವಾರ ಕುರುವಳ್ಳಿ ಕಡೆ ಏರಿನಲ್ಲಿ ಓಡಿದ್ದರ ಫಲವೆಂದು ಭಾವಿಸಿ, ಡೈಕ್ಲೋಫೆನಾಕ್ ಎಂಬ ನೋವಿನ ಮಾತ್ರೆ ನುಂಗಿ ಮತ್ತೆ ಎರಡು ದಿನ ಓಡಿದೆ. ಓಟದ ನೋವು ಸಾಮಾನ್ಯವಾಗಿ ಮೂರು ದಿನಗಳಲ್ಲಿ ಇಳಿಮುಖವಾಗುತ್ತದೆ. ಇದು ಸೊಂಟಕ್ಕೂ ಭುಜಕ್ಕೂ ಏರಿತು. ಹದಿನಾಲ್ಕನೆಯ ದಿನ ಮಣೆಯ ಮೇಲೆ ಕುಳಿತು ಊಟ ಮಾಡಿದವನಿಗೆ ಏಳಲಾಗಲಿಲ್ಲ, ಮಗ ಕಂಕುಳಿಗೆ ಕೈಕೊಟ್ಟು ಎಬ್ಬಿಸಬೇಕಾಯಿತು. ಮರುದಿನ ಬೆಳಿಗ್ಗೆ ಮೂತ್ರದ ಬಣ್ಣ ಅಡಿಕೆ ಬೇಯಿಸಿದ ಚೊಗರಿನಂತಿತ್ತು.

ಆಸ್ಪತ್ರೆಯಲ್ಲಿ ಸಿಕೆ, ಅಂದರೆ ಸ್ನಾಯು ಒಡೆದಾಗ ರಕ್ತಕ್ಕೆ ಸೋರುವ ಕಿಣ್ವ, 24,000 ದಾಟಿತ್ತು. ಸಾಮಾನ್ಯವಾಗಿ ಅದು 200ರ ಆಸುಪಾಸಿನಲ್ಲಿರಬೇಕು. ಮೂತ್ರಪಿಂಡದ ಕೆಲಸ ಕುಗ್ಗಿದಾಗ ರಕ್ತದಲ್ಲಿ ಹೆಚ್ಚುವ ಕ್ರಿಯಾಟಿನಿನ್ ಕೂಡ ಏರಿತ್ತು. ಸ್ನಾಯು ಹೀಗೆ ಒಡೆಯುವುದಕ್ಕೆ ರಾಬ್ಡೊಮಯೊಲಿಸಿಸ್ ಎನ್ನುತ್ತಾರೆ. ಒಡೆದ ಸ್ನಾಯುವಿನಿಂದ ಹೊರಬಿದ್ದ ಮಯೋಗ್ಲೋಬಿನ್ ಎಂಬ ಪ್ರೋಟೀನ್ ಮೂತ್ರಕ್ಕೆ ಆ ಬಣ್ಣ ಕೊಡುತ್ತದೆ, ಮೂತ್ರಪಿಂಡವನ್ನೂ ಕೆಡಿಸುತ್ತದೆ. ನಾನು ನುಂಗಿದ ನೋವಿನ ಮಾತ್ರೆ ಆ ಮೂತ್ರಪಿಂಡಕ್ಕೆ ಇನ್ನಷ್ಟು ಹೊರೆಯಾಗಿತ್ತು. ಐದು ದಿನ ಹಗಲಿರುಳು ಡ್ರಿಪ್ ಹಾಕಿದರು; ಡಯಾಲಿಸಿಸ್ ಮಾತ್ರ ಬೇಕಾಗಲಿಲ್ಲ.

ವೈದ್ಯರು ವಿವರಿಸಿದ ಕಾರಣ ಇಷ್ಟು. ಅಟೋರ್ವಾಸ್ಟ್ಯಾಟಿನ್, ಸಿಮ್ವಾಸ್ಟ್ಯಾಟಿನ್, ಲೋವಾಸ್ಟ್ಯಾಟಿನ್‌ಗಳನ್ನು ದೇಹದಲ್ಲಿ ಕರಗಿಸಿ ಹೊರಹಾಕುವುದು ಮುಖ್ಯವಾಗಿ ಸಿವೈಪಿ 3ಎ4 ಎಂಬ ಕಿಣ್ವ. ಇಟ್ರಾಕೊನಜೋಲ್ ಆ ಕಿಣ್ವವನ್ನು ಕಟ್ಟಿಹಾಕುವುದರಿಂದ ದಿನವೂ ನುಂಗಿದ ಸ್ಟ್ಯಾಟಿನ್ (ಈ ಗುಂಪಿನ ಕೊಲೆಸ್ಟರಾಲ್ ಮಾತ್ರೆ) ಖರ್ಚಾಗದೆ, ರಕ್ತದಲ್ಲಿ ಅದರ ಪ್ರಮಾಣ ಸುಮಾರು ಮೂರು ಪಟ್ಟು ಹೆಚ್ಚಬಹುದು. ಈ ಎರಡನ್ನೂ ಒಟ್ಟಿಗೆ ಕೊಡಲೇಬೇಕಾದರೆ ಅಟೋರ್ವಾಸ್ಟ್ಯಾಟಿನ್ 20 ಮಿ.ಗ್ರಾಂ. ಮೀರಬಾರದು; ಸಿಮ್ವಾಸ್ಟ್ಯಾಟಿನ್ ಅನ್ನಂತೂ ಕೊಡಲೇಬಾರದು. ಕೆಮ್ಮು, ಎದೆಯ ಸೋಂಕಿಗೆ ಕೊಡುವ ಕ್ಲಾರಿಥ್ರೊಮೈಸಿನ್‌ಗೂ ಇದೇ ಎಚ್ಚರಿಕೆಯಿದೆ. ನಮ್ಮ ಹಿತ್ತಲಿನ ಚಕ್ಕೋತ ಕೂಡ, ಸ್ಟ್ಯಾಟಿನ್ ಜೊತೆ ಬೇಡವೆನ್ನುವ ಗ್ರೇಪ್‌ಫ್ರೂಟ್‌ನ ಹತ್ತಿರದ ನೆಂಟ ಎಂಬುದು ನನಗೆ ಆಗಲೇ ತಿಳಿದದ್ದು.

ಓಡುವವರಲ್ಲಿ ಇದು ಪತ್ತೆಯಾಗುವುದು ತಡ, ಏಕೆಂದರೆ ಮೈಕೈ ನೋವು ನಮಗೆ ನಿತ್ಯದ ಮಾತು. ದೀರ್ಘ ಓಟದ ನಂತರ ಸಿಕೆ ತಾನಾಗಿಯೇ ಹಲವು ಪಟ್ಟು ಏರುತ್ತದೆ. ಎರಡೂ ಕಡೆ ಸಮನಾಗಿ ನೋವು, ಕೂತಲ್ಲಿಂದ ಏಳಲಾರದ ನಿಶ್ಶಕ್ತಿ, ಕಂದು ಬಣ್ಣದ ಮೂತ್ರ, ಇವುಗಳಲ್ಲಿ ಒಂದು ಕಂಡರೂ ಓಟ ನಿಲ್ಲಿಸಿ ಅದೇ ದಿನ ವೈದ್ಯರ ಬಳಿ ಹೋಗಿ. ನುಂಗುವ ಮಾತ್ರೆಗಳ ಹಾಳೆಗಳನ್ನೆಲ್ಲ ಕೈಯಲ್ಲೇ ಹಿಡಿದುಕೊಂಡು ಹೋಗಿ ಅವರ ಮೇಜಿನ ಮೇಲಿಡಿ.

ಇದನ್ನು ಓದಿ ಯಾರೂ ಹೃದಯದ ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಬೇಡಿ ಎಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ. ಇಟ್ರಾಕೊನಜೋಲ್ ನಿಲ್ಲಿಸಿದ ಮೇಲೂ ಒಂದೆರಡು ವಾರ ದೇಹದಲ್ಲಿ ಉಳಿಯುತ್ತದೆ, ಆದ್ದರಿಂದ ಸ್ಟ್ಯಾಟಿನ್ ಮತ್ತೆ ಎಂದು ಶುರುಮಾಡಬೇಕೆಂಬುದನ್ನೂ ವೈದ್ಯರೇ ಹೇಳಬೇಕು. ನನಗೆ ಮೂರು ತಿಂಗಳ ನಂತರ, ಆ ಕಿಣ್ವವನ್ನು ಅಷ್ಟಾಗಿ ನೆಚ್ಚಿಕೊಳ್ಳದ ರೋಸುವಾಸ್ಟ್ಯಾಟಿನ್ ಅನ್ನು 5 ಮಿ.ಗ್ರಾಂ.ನಿಂದ ಆರಂಭಿಸಿದರು. ಐದು ದಿನ ಓಡದೆ ಮಾಡಿಸಿದ ಈಚಿನ ಪರೀಕ್ಷೆಯಲ್ಲಿ ಸಿಕೆ 164 ಇತ್ತು.